ಹದಿನೇಳು ಎಂಟಲಿ ಎಷ್ಟು?

ಸಂಜೆ ಶಾಲೆಯ ವ್ಯಾನ್ ಇಳಿದ ಮೇಲೆ ನನ್ನ ಮಗಳು ಅಂಗಡಿ ಮುಚ್ಚುವವರೆಗೂ ನನ್ನ ಜೊತೆಯಲ್ಲೇ ಇರುತ್ತಾಳೆ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಚಿಕ್ಕ ಔಷಧಿ ಅಂಗಡಿ. ಕೌಂಟರಿನ ಹಿಂದೆ, ಫ್ರಿಜ್ಜಿಗೂ ಗೋಡೆಗೂ ನಡುವೆ ಒಂದು ಸ್ಟೂಲ್. ಅದೇ ಅವಳ ಓದುವ ಕೋಣೆ, ಅದೇ ತಿಂಡಿಮನೆ. ಹೊರಗೆ ನಿಂತವರಿಗೆ ಅವಳ ಜಡೆಯ ರಿಬ್ಬನ್ ಮಾತ್ರ ಕಾಣುತ್ತದೆ. ಆದರೆ ಅವರು ಆಡುವ ಮಾತೆಲ್ಲ ಅವಳಿಗೆ ಕೇಳುತ್ತದೆ. ಆ ಮಾತುಗಳ ಬಗ್ಗೆಯೇ ಇವತ್ತು ಬರೆಯಬೇಕೆನಿಸಿದೆ.

ಅವಳಿಗೆ ಏಳು ವರ್ಷ, ಎರಡನೇ ತರಗತಿ. ಗಣಿತದಲ್ಲಿ ಆರನೇ ತರಗತಿಯ ಪುಸ್ತಕ ಹಿಡಿದು ಕೂತಿದ್ದಾಳೆ. ಓದಲು ಕಲಿತದ್ದು ಔಷಧಿ ಡಬ್ಬಿಗಳ ಮೇಲಿನ ಅಕ್ಷರ ನೋಡಿ, ಕನ್ನಡ ಅಂಕಿ ಕಲಿತದ್ದು ಸಿಟಿ ಬಸ್ಸಿನ ಫಲಕ ನೋಡಿ. ಅವಧಿ ಮೀರಿದ ಮಾತ್ರೆಗಳನ್ನು ಬೇರೆ ಮಾಡುವ ಕೆಲಸ ನನಗಿಂತ ಅವಳಿಗೆ ಚೆನ್ನಾಗಿ ಬರುತ್ತದೆ. ಮಕ್ಕಳ ಪ್ಯಾರಸಿಟಮಾಲ್ ಸಿರಪ್ಪು 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದೂ ಬರುತ್ತದೆ, 250 ಇರುವುದೂ ಬರುತ್ತದೆ. ಒಮ್ಮೆ ಎರಡು ಬಾಟಲಿಗಳನ್ನೂ ಎದುರಿಗಿಟ್ಟುಕೊಂಡು, ‘ಇದರ ಒಂದು ಚಮಚ ಅದರ ಎರಡು ಚಮಚಕ್ಕಿಂತ ಹತ್ತು ಮಿಲಿಗ್ರಾಂ ಜಾಸ್ತಿ’ ಎಂದಳು. ಮೊಮ್ಮಗುವಿಗೆ ಜ್ವರವೆಂದು ಬಂದಿದ್ದ ಅಜ್ಜನೊಬ್ಬರು ಅದನ್ನು ಕೇಳಿಸಿಕೊಂಡು, ನನ್ನನ್ನು ಬಿಟ್ಟು ಅವಳ ಕಡೆ ತಿರುಗಿ ಎಷ್ಟು ಕುಡಿಸಬೇಕೆಂದು ಕೇಳತೊಡಗಿದರು. ಅವತ್ತಿನಿಂದ ಅಂಗಡಿಯಲ್ಲಿ ಒಂದು ಕಾನೂನು: ಗಿರಾಕಿಗಳ ಹತ್ತಿರ ಔಷಧಿಯ ಲೆಕ್ಕ ಆಡುವಂತಿಲ್ಲ. ಡಿ.ಫಾರ್ಮ್ ಓದಿದವಳು ನಾನು, ಅವಳಲ್ಲ.

ಅವಳ ಇಷ್ಟದ ಆಟ 6174. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ.ಆರ್. ಕಾಪ್ರೇಕರ್ ಅವರು 1949ರಲ್ಲಿ ಕಂಡುಹಿಡಿದದ್ದು. ನಾಲ್ಕು ಅಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಬೇಕು, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಬೇಕು. ಬಂದದ್ದಕ್ಕೆ ಮತ್ತೆ ಅದನ್ನೇ ಮಾಡಬೇಕು. ಏಳು ಸಲದೊಳಗೆ 6174 ಬಂದು ನಿಂತುಬಿಡುತ್ತದೆ. ಅಂಗಡಿಯ ಮುಂದೆ ನಿಲ್ಲುವ ಸ್ಕೂಟರುಗಳ ನಂಬರ್ ಪ್ಲೇಟುಗಳೇ ಅವಳ ಸಾಮಗ್ರಿ. ‘ಅಮ್ಮ, 3087 ಎರಡೇ ಸಲಕ್ಕೆ ಮುಗಿದುಹೋಯಿತು’ ಎಂದು ನಿರಾಸೆಯಿಂದ ಹೇಳುತ್ತಾಳೆ. 2025 ಆರು ಸಲ ತೆಗೆದುಕೊಳ್ಳುತ್ತದೆ. ಅಂಥದ್ದು ಸಿಕ್ಕಿದರೆ ಖುಷಿ.

ಇಷ್ಟು ವಿವರ ಏಕೆ ಕೊಟ್ಟೆ ಎಂದರೆ, ಇವಳು ನಾನು ಮಾಡಿದ್ದಲ್ಲ ಎಂಬುದು ನಿಮಗಾದರೂ ಗೊತ್ತಿರಲಿ ಎಂದು. ಬೇರೆ ಯಾರೂ ನಂಬುವುದಿಲ್ಲ.

ಮೊದಲನೆಯವರು ಪರೀಕ್ಷಕರು. ಬಿಪಿ ಮಾತ್ರೆಯ ಚೀಟಿ ನನ್ನ ಕೈಗೆ ಕೊಟ್ಟು, ನಾನು ಕಪಾಟಿನಲ್ಲಿ ತಡಕಾಡುವಷ್ಟರಲ್ಲಿ ಶುರು ಮಾಡಿರುತ್ತಾರೆ. ‘ಹದಿನೇಳು ಎಂಟಲಿ ಎಷ್ಟು?’ ನೂರ ಮೂವತ್ತಾರು. ‘ಹತ್ತೊಂಬತ್ತು ಹತ್ತೊಂಬತ್ತಲಿ?’ ಮುನ್ನೂರ ಅರವತ್ತೊಂದು. ಆಮೇಲೆ ಮೊಬೈಲ್ ತೆಗೆದು ತಾಳೆ ನೋಡುತ್ತಾರೆ. ಉತ್ತರ ತಮಗೇ ಗೊತ್ತಿಲ್ಲದ ಪ್ರಶ್ನೆಯನ್ನು ಮಗುವಿಗೆ ಕೇಳುವುದರಲ್ಲಿ ಏನು ಸುಖವೋ! ಸರಿ ಹೇಳಿದರೆ ‘ಭಲೇ’, ತಪ್ಪಿದರೆ ‘ಪರವಾಗಿಲ್ಲ ಬಿಡು, ಚಿಕ್ಕವಳು’. ಎರಡನ್ನೂ ಒಂದೇ ಮುಖದಲ್ಲಿ ಹೇಳುವವರನ್ನು ನಾನು ಕಂಡಿಲ್ಲ. ತಪ್ಪಿದಾಗ ಅವರ ಮುಖದಲ್ಲಿ ಒಂದು ಸಣ್ಣ ನೆಮ್ಮದಿ ಮೂಡುತ್ತದೆ. ಅದು ನನಗೆ ಕಂಡರೆ ಅವಳಿಗೂ ಕಂಡೇ ಇರುತ್ತದೆ.

ಅವರನ್ನು ಗದರಿಸಲಾಗುವುದಿಲ್ಲ. ವ್ಯಾಪಾರವೂ ಆಗಬೇಕಲ್ಲ, ಅವರು ಕೆಟ್ಟವರೂ ಅಲ್ಲ. ಚಿಕ್ಕ ಮಗು ಕಂಡರೆ ಒಂದು ಪದ್ಯ ಹೇಳು, ಒಂದು ಮಗ್ಗಿ ಹೇಳು ಎನ್ನುವುದು ನಮ್ಮಲ್ಲಿ ಅಕ್ಕರೆಯ ಒಂದು ವರಸೆ. ನಾನು ಈಗ ಮಾಡುವುದು ಇಷ್ಟೇ. ಪ್ರಶ್ನೆ ಬಂದ ಕೂಡಲೇ ಮಗಳ ಕಡೆ ತಿರುಗಿ, ‘ಹೇಳಬೇಕೆನಿಸಿದೆಯೇ?’ ಎಂದು ಕೇಳುತ್ತೇನೆ. ಕೆಲವು ದಿನ ಹೌದು ಎನ್ನುತ್ತಾಳೆ. ಇಲ್ಲ ಎಂದ ದಿನ, ‘ಇವತ್ತು ಬೇಡವಂತೆ ಸರ್’ ಎಂದು ಬಿಲ್ ಹರಿದು ಕೊಡುತ್ತೇನೆ. ಮೊದಮೊದಲು ಕೆಲವರ ಮುಖ ಸಣ್ಣಗಾಯಿತು. ಈಗ ರೂಢಿಯಾಗಿದೆ. ಇಲ್ಲ ಎನ್ನಲು ಅವಳಿಗೊಂದು ದಾರಿ ಇದೆ ಎಂದು ಗೊತ್ತಾದ ಮೇಲೆ, ವಿಚಿತ್ರವೆಂದರೆ, ಹೌದು ಎನ್ನುವ ದಿನಗಳೇ ಜಾಸ್ತಿಯಾಗಿವೆ.

ಒಬ್ಬರು ಮಾತ್ರ ಬೇರೆ. ಸಕ್ಕರೆ ಕಾಯಿಲೆಯ ಔಷಧಿಗೆ ತಿಂಗಳಿಗೊಮ್ಮೆ ಬರುವ ನಿವೃತ್ತ ಮೇಷ್ಟ್ರು. ಅವರು ಒಂದು ದಿನವೂ ಮಗ್ಗಿ ಕೇಳಿಲ್ಲ. ಬಗ್ಗಿ ನೋಡಿ, ‘ಏನು ಮಾಡುತ್ತಿದ್ದೀಯ?’ ಎಂದರು. ಇವಳು 6174 ತೋರಿಸಿದಳು. ಅವರು ಕೌಂಟರಿನ ಮೇಲೆ ಚೀಟಿಯ ಹಿಂಬದಿಯಲ್ಲಿ ತಾವೂ ಕಳೆಯತೊಡಗಿದರು, ಒಂದು ಕಡೆ ದಶಕ ತೆಗೆದುಕೊಳ್ಳುವುದನ್ನು ಮರೆತರು, ಇವಳು ತಿದ್ದಿದಳು, ಅವರು ‘ಅಯ್ಯೋ ಹೌದಲ್ಲ’ ಎಂದರು. ಮೂರಂಕಿಯ ಸಂಖ್ಯೆಗೂ ಹೀಗೆ ಆಗುತ್ತದೆಯೇ ನೋಡು ಎಂದು ಹೇಳಿ ಹೋದರು. (ಆಗುತ್ತದೆ, 495ಕ್ಕೆ ಬಂದು ನಿಲ್ಲುತ್ತದೆ. ಅದನ್ನು ಕಂಡುಕೊಂಡ ದಿನ ರಾತ್ರಿ ಊಟ ಮಾಡಿಸುವುದೇ ಕಷ್ಟವಾಯಿತು.) ಇವಳಂಥ ಮಕ್ಕಳೊಡನೆ ಹೇಗೆ ಮಾತಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಅವರನ್ನೇ ತೋರಿಸುತ್ತೇನೆ.

ಎರಡನೆಯವರು ಮರುಕ ಪಡುವವರು. ಇವರು ಹೆಚ್ಚಾಗಿ ನನ್ನ ವಯಸ್ಸಿನ ತಾಯಂದಿರು. ಆರನೇ ತರಗತಿಯ ಪುಸ್ತಕ ಕಂಡ ಕೂಡಲೇ ದನಿ ತಗ್ಗಿಸುತ್ತಾರೆ. ‘ಪಾಪ, ಆಡಿಕೊಂಡಿರಲಿ ಬಿಡಿ. ಇಷ್ಟು ಚಿಕ್ಕ ವಯಸ್ಸಿಗೆ ಒತ್ತಡ ಹಾಕಬಾರದು.’ ಒತ್ತಡ ಹಾಕುವ ತಂದೆತಾಯಿ ಈ ಊರಿನಲ್ಲಿ ಬೇಕಾದಷ್ಟು ಇದ್ದಾರೆ. ಎಲ್‌ಕೆಜಿ ಮಗುವಿಗೆ ನೆನಪಿನ ಶಕ್ತಿಯ ಸಿರಪ್ಪು ಕೇಳಿಕೊಂಡು ಬರುವವರಿಗೆ ಬುದ್ಧಿ ಹೇಳಿ ಕಳುಹಿಸುವುದು ನನ್ನ ದಿನನಿತ್ಯದ ಕೆಲಸ. ಆದ್ದರಿಂದ ಅವರ ಅನುಮಾನ ನನಗೆ ಅರ್ಥವಾಗುತ್ತದೆ. ಆದರೂ ಮೈ ಉರಿಯುತ್ತದೆ. ರಾತ್ರಿ ಹತ್ತು ಗಂಟೆಗೆ ‘ಸೊನ್ನೆಯಿಂದ ಏಕೆ ಭಾಗಿಸಬಾರದು’ ಎಂದು ಕೇಳುವ ಮಗುವನ್ನು ಮಲಗಿಸಲು ಹೆಣಗುವವಳಿಗೆ ‘ಒತ್ತಡ ಹಾಕಬೇಡಿ’ ಎಂದರೆ ಹೇಗಾಗಬೇಡ?

ಸಮರ್ಥನೆ ಕೊಡಲು ಹೋದರೆ ಕೆಟ್ಟೆವು. ‘ನಾನೇನೂ ಹೇಳಿಕೊಡುವುದಿಲ್ಲ, ಅವಳೇ ಕಲಿಯುತ್ತಾಳೆ’ ಎಂಬ ಮಾತು ಎದುರಿಗಿರುವವರ ಕಿವಿಗೆ ಜಂಬವಾಗಿಯೇ ಬೀಳುತ್ತದೆ, ನೀವು ಎಷ್ಟೇ ತಗ್ಗಿ ಹೇಳಿದರೂ. ಮೇಲಾಗಿ ಸ್ಟೂಲಿನ ಮೇಲೆ ಕೂತವಳು ತನ್ನನ್ನೊಂದು ಮೊಕದ್ದಮೆಯಂತೆ ವಾದಿಸುವುದನ್ನು ಕೇಳಿಸಿಕೊಳ್ಳಬೇಕಾಗುತ್ತದೆ. ‘ಅವಳಿಗೆ ಅದು ಇಷ್ಟ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ಇಷ್ಟ ಎನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಮೂರನೆಯದು ಭವಿಷ್ಯವಾಣಿ. ಐಎಎಸ್ ಮಾಡಿಸಿ. ಈಗಿನಿಂದಲೇ ಐಐಟಿಗೆ ತಯಾರಿ ಕೊಡಿಸಿ. ಟಿವಿಗೆ ಕಳುಹಿಸಿ. ಮೊಬೈಲಿನಲ್ಲಿ ರೀಲ್ಸ್ ಮಾಡಿ ಹಾಕಿ, ಲಕ್ಷ ಜನ ನೋಡುತ್ತಾರೆ. ಹಿರಿಯರೊಬ್ಬರು, ‘ಇಷ್ಟು ಬುದ್ಧಿ ಇದ್ದರೆ ಮುಂದೆ ಗಂಡು ಹುಡುಕುವುದು ಕಷ್ಟವಮ್ಮ’ ಎಂದು ನಿಜವಾದ ಕಾಳಜಿಯಿಂದ ಹೇಳಿದರು. ಏಳು ವರ್ಷದ ಮಗುವಿನ ಮದುವೆಯ ಚಿಂತೆ! ನನಗೆ ನಗು ತಡೆಯಲಾಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಬಾರಿ ಕೇಳಿದ ಹೆಸರು ಶಕುಂತಲಾ ದೇವಿಯವರದು. ‘ಇನ್ನೊಬ್ಬ ಶಕುಂತಲಾ ದೇವಿ ಆಗುತ್ತಾಳೆ ನೋಡಿ!’ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದ ಹೆಂಗಸು, ನಮ್ಮ ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದವರು. ಯಾರಿಗೆ ಹೆಮ್ಮೆಯಿರುವುದಿಲ್ಲ? ಆದರೆ ಆ ಕತೆಯ ಮೊದಲ ಭಾಗವನ್ನು ಯಾರೂ ಹೇಳುವುದಿಲ್ಲ. ಅವರ ತಂದೆ ಸರ್ಕಸ್ಸಿನಲ್ಲಿದ್ದವರು. ಮಗಳ ಶಕ್ತಿ ಗೊತ್ತಾದ ಮೇಲೆ ಸರ್ಕಸ್ ಬಿಟ್ಟು ಅವಳನ್ನೇ ಊರೂರಿಗೆ ಕರೆದೊಯ್ದು ಪ್ರದರ್ಶನ ಕೊಡಿಸಿದರು. ಆರರ ವಯಸ್ಸಿಗೆ ಆ ಮಗು ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನಿಂತು ಲೆಕ್ಕ ಮಾಡಿ ತೋರಿಸಿತು. ಶಾಲೆಯ ಓದು ಎಂಬುದು ಆಕೆಗೆ ದಕ್ಕಲೇ ಇಲ್ಲ. ಮನೆ ನಡೆಸಲು ಮಗುವಿನ ತಲೆ ದುಡಿಯಬೇಕಾಗಿದ್ದ ಕಾಲ ಅದು, ಆ ತಂದೆಯನ್ನು ಇಲ್ಲಿ ಕೂತು ತೂಗಲು ನಾನು ಯಾರು? ಆದರೆ ನಮಗೆ ಅಂಥ ಕಷ್ಟವಿಲ್ಲ. ಆದ್ದರಿಂದ ರೀಲ್ಸ್ ಇಲ್ಲ. ಈ ಬರಹದಲ್ಲಿ ಅವಳ ಹೆಸರಾಗಲಿ ಫೋಟೋ ಆಗಲಿ ಇಲ್ಲದಿರುವುದೂ ಅದಕ್ಕೇ.

ಇನ್ನು ಮನೆಯವರು. ಹೊರಗಿನವರ ಮಾತು ಅಂಗಡಿಯ ಬಾಗಿಲಲ್ಲೇ ಉಳಿಯುತ್ತದೆ, ಮನೆಯವರದು ತಟ್ಟೆಯ ಪಕ್ಕಕ್ಕೇ ಬಂದು ಕೂರುತ್ತದೆ.

ನನ್ನ ಗಂಡನ ಊರು ಮಂಡ್ಯ ಜಿಲ್ಲೆಯಲ್ಲಿ, ಪಾಂಡವಪುರದ ಕಡೆ. ಕಬ್ಬಿನ ಗದ್ದೆ, ಸುತ್ತಮುತ್ತ ಆಲೆಮನೆಗಳು. ಗೌರಿ ಹಬ್ಬ, ಯುಗಾದಿ, ಮಾರಿಹಬ್ಬ, ಎಲ್ಲಕ್ಕೂ ನಾವು ಅಲ್ಲಿಗೇ ಹೋಗುತ್ತೇವೆ. ಅತ್ತೆಗೆ ಮೊಮ್ಮಗಳ ಬುದ್ಧಿಯ ಬಗ್ಗೆ ಇರುವುದು ಭಯ. ಯಾರಾದರೂ ಹೊಗಳಿದರೆ ಸಾಕು, ಸಂಜೆ ಉಪ್ಪು, ಒಣಮೆಣಸಿನಕಾಯಿ, ಸಾಸಿವೆ ಹಿಡಿದು ದೃಷ್ಟಿ ತೆಗೆದು ಒಲೆಗೆ ಹಾಕುತ್ತಾರೆ. ಘಾಟು ಬರದಿದ್ದರೆ ದೃಷ್ಟಿ ಬಹಳವಾಗಿತ್ತು ಎಂದು ಅರ್ಥವಂತೆ. ಅದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಮಗಳಿಗೂ ಚಟಪಟ ಸದ್ದು ಕೇಳುವುದು ಇಷ್ಟ. ನನಗೆ ಕಷ್ಟವಾಗುವುದು ಅದರ ಇನ್ನೊಂದು ರೂಪ. ಹೊಗಳಿಕೆ ಬಂದ ಕೂಡಲೇ ಅದಕ್ಕೆ ಮಸಿ ಬಳಿಯುವುದು. ‘ಅಯ್ಯೋ, ಲೆಕ್ಕ ಒಂದು ಬಿಟ್ಟರೆ ಏನೂ ಬರುವುದಿಲ್ಲ. ಕುಡಿದ ಲೋಟ ಎತ್ತಿಡುವುದಿಲ್ಲ. ಮಹಾ ಪೆದ್ದು.’ ಬಂದವರು ನಗುತ್ತಾರೆ, ದೃಷ್ಟಿ ತಗಲುವುದಿಲ್ಲ, ಎಲ್ಲರಿಗೂ ಸಮಾಧಾನ. ನನ್ನ ಅಮ್ಮ ನನ್ನ ಬಗ್ಗೆಯೂ ಹೀಗೆಯೇ ಹೇಳುತ್ತಿದ್ದಳು. ಇದು ವಿನಯವೆಂದು ದೊಡ್ಡವರಿಗೆ ಗೊತ್ತಾಗುತ್ತದೆ. ಮಗುವಿಗೆ ಕೇಳಿಸುವುದು ‘ಪೆದ್ದು’ ಎನ್ನುವುದಷ್ಟೇ. ಹೊಗಳಿಕೆಗೆ ‘ಹೌದು, ಅವಳಿಗೆ ಖುಷಿ ಕೊಡುತ್ತದೆ’ ಎಂದು ಹೇಳಿ ಸುಮ್ಮನಾಗುವುದು ನಮ್ಮವರಿಗೆ ಎಷ್ಟು ಕಷ್ಟ! ನಾನು ಹಾಗೆ ಹೇಳಿದಾಗ ಅಡುಗೆಮನೆಯಲ್ಲಿ ಒಂದು ಕ್ಷಣ ಎಲ್ಲರ ಕೈ ನಿಲ್ಲುತ್ತದೆ. ಆಮೇಲೆ ಯಾರೋ ಸೊಪ್ಪು ಬಿಡಿಸಲು ಶುರು ಮಾಡುತ್ತಾರೆ.

ಯಾರೇ ಏನೇ ಕೇಳಲಿ, ನನ್ನ ಉತ್ತರ ಕೇಳಿದವರಿಗಲ್ಲ, ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವವಳಿಗೆ ಎಂಬುದನ್ನು ನಾನು ಈ ಊರಿನ ಅಡುಗೆಮನೆಯಲ್ಲೇ ನಿರ್ಧರಿಸಿಕೊಂಡದ್ದು. ಕೇಳಿದವರು ಮನೆಗೆ ಹೋಗಿ ಮರೆಯುತ್ತಾರೆ. ಇವಳು ಮರೆಯುವ ಜಾತಿಯಲ್ಲ.

ನನ್ನ ಓರಗಿತ್ತಿಯ ಮಗನಿಗೂ ಏಳೇ ವರ್ಷ. ಇಬ್ಬರಿಗೂ ನಡುವೆ ನಾಲ್ಕು ತಿಂಗಳ ಅಂತರ. ಇದೇ ಎಲ್ಲದರ ಮೂಲ. ಹುಡುಗ ಚುರುಕು, ಒಂದು ಕ್ಷಣ ಕೂತಲ್ಲಿ ಕೂರುವುದಿಲ್ಲ, ಓದು ನಿಧಾನ. ಕಳೆದ ಗೌರಿ ಹಬ್ಬದಲ್ಲಿ ಊಟಕ್ಕೆ ಕೂತಾಗ ನನ್ನ ಮಾವ, ಸ್ವಲ್ಪವೂ ಕೆಟ್ಟ ಮನಸ್ಸಿಲ್ಲದೆ, ಅವನಿಗೆ ಒಂದು ಲೆಕ್ಕ ಕೇಳಿದರು. ಅವನು ಬೆರಳು ಎಣಿಸುತ್ತಿರುವಾಗಲೇ ಇವಳ ಬಾಯಿಂದ ಉತ್ತರ ಬಂದುಬಿಟ್ಟಿತು. ‘ನೋಡಿ ಕಲಿಯೋ, ಹೆಣ್ಣು ಮಗು ಅವಳು’ ಎಂದರು. ಹುಡುಗ ಹೋಳಿಗೆ ಬಿಟ್ಟು ಎದ್ದು ಹೋದ. ನನ್ನ ಓರಗಿತ್ತಿ ತಲೆ ಎತ್ತದೆ ತುಪ್ಪ ಬಡಿಸುತ್ತಿದ್ದಳು.

ಮಧ್ಯಾಹ್ನ ಹಿತ್ತಲಲ್ಲಿ ನಾನು ಅವಳಿಗೆ, ‘ಮಕ್ಕಳನ್ನು ಹೋಲಿಸುವುದು ಬೇಡ ಎಂದು ಎಲ್ಲರಿಗೂ ಹೇಳೋಣ’ ಎಂದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ‘ಹೋಲಿಕೆಯಲ್ಲಿ ಗೆಲ್ಲುವವಳ ಅಮ್ಮನಿಗೆ ಅದನ್ನು ಹೇಳುವುದು ಸುಲಭ ಅಕ್ಕ. ನೀವು ವರ್ಷಕ್ಕೆ ನಾಲ್ಕು ಹಬ್ಬಕ್ಕೆ ಬಂದು ಹೋಗುತ್ತೀರಿ. ಇವರು ದಿನಾ ಊಟಕ್ಕೆ ಕೂತಾಗ ಅವಳ ಹೆಸರು ಎತ್ತುತ್ತಾರೆ.’ ನಾನು ಉತ್ತರ ಕೊಡಲಿಲ್ಲ. ಕೊಡಲು ಇರಲೂ ಇಲ್ಲ. ನನ್ನ ಮಗಳು ಇಲ್ಲದ ಮನೆಯಲ್ಲಿ ನನ್ನ ಮಗಳ ಹೆಸರು ಒಬ್ಬ ಹುಡುಗನ ಬೆನ್ನಿಗೆ ದಿನಾ ಕೋಲಾಗಿ ಬೀಳುತ್ತಿದೆ ಎನ್ನುವುದು ಅಲ್ಲಿಯವರೆಗೆ ನನ್ನ ತಲೆಗೆ ಬಂದಿರಲಿಲ್ಲ. ನಾವು ಮೈಸೂರಿನಲ್ಲಿ ಕೂತು ಇವಳನ್ನು ಜನರ ಮಾತಿನಿಂದ ಹೇಗೆ ಕಾಯುವುದು ಎಂದು ಯೋಚಿಸುತ್ತಿದ್ದೆವು. ಕಾಯಬೇಕಾದ ಮಗು ಇನ್ನೊಂದು ಅಲ್ಲಿತ್ತು.

‘ಪ್ರತಿಯೊಬ್ಬರಲ್ಲೂ ಒಂದೊಂದು ಪ್ರತಿಭೆ ಇರುತ್ತದೆ’ ಎಂದು ಆ ಹುಡುಗನಿಗೆ ಹೇಳಿ ಎಂದು ನೀವು ಸೂಚಿಸಬಹುದು. ಅವನ ಮುಂದೆ ಅದನ್ನು ಯಾರೋ ಆಗಲೇ ಹೇಳಿದ್ದರು. ಸೋತವನಿಗೆ ಕೊಡುವ ಸಮಾಧಾನದ ಬಹುಮಾನ ಯಾವುದೆಂದು ಏಳು ವರ್ಷದವನಿಗೂ ಗೊತ್ತಿರುತ್ತದೆ. ಅವನಿಗೆ ನಿಜವಾಗಿ ಗೊತ್ತಿರುವುದು ಬೇರೆ ಇದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಯಾವಾಗ ಹದಕ್ಕೆ ಬಂತು ಎಂದು ನೊರೆ ನೋಡಿಯೇ ಹೇಳುತ್ತಾನೆ. ಅವನ ಅಪ್ಪ ತಣ್ಣೀರಿಗೆ ತೊಟ್ಟು ಹಾಕಿ ಉಂಡೆ ಕಟ್ಟಿ ನೋಡುವಷ್ಟರಲ್ಲಿ ಇವನು ‘ಆಯಿತು’ ಎಂದಿರುತ್ತಾನೆ. ಆದರೆ ಅದನ್ನು ಯಾರೂ ಊಟದ ಹೊತ್ತಿನಲ್ಲಿ ನನ್ನ ಮಗಳನ್ನು ಕೇಳುವುದಿಲ್ಲ, ಕೇಳಿ ‘ನೋಡಿ ಕಲಿಯೇ’ ಎನ್ನುವುದಿಲ್ಲ. ಕೇಳಬೇಕೆಂದೂ ನನ್ನ ವಾದವಲ್ಲ. ಇಬ್ಬರನ್ನೂ ತಕ್ಕಡಿಯಿಂದ ಇಳಿಸಿದರೆ ಸಾಕು.

ಮಾವನ ಹತ್ತಿರ ಮಾತಾಡಬೇಕಾದವರು ಅವರ ಮಗ, ಸೊಸೆಯಲ್ಲ. ಗಂಡ ಮಾತಾಡಿದರು. ಮಾವ, ‘ನಾನೇನು ಅವನನ್ನು ಹೊಡೆದೆನೇ?’ ಎಂದು ಸಿಡುಕಿದರು. ಆದರೆ ಈಗ ಫೋನಿನಲ್ಲಿ ನಾವು ಮೊದಲು ಹುಡುಗನ ಜೊತೆ ಮಾತಾಡುತ್ತೇವೆ, ಅಂಕದ ಮಾತಿಲ್ಲ. ಮಗಳಿಗೆ ಒಂದು ಮಾತು ಹೇಳಿಕೊಟ್ಟಿದ್ದೇನೆ: ಬೇರೆಯವರಿಗೆ ಕೇಳಿದ ಪ್ರಶ್ನೆ ಬೇರೆಯವರದು. ಅದಕ್ಕೆ ಉತ್ತರ ಗೊತ್ತಿದ್ದರೂ ನಿನ್ನದಲ್ಲ. ‘ಗೊತ್ತಿದ್ದೂ ಸುಮ್ಮನಿದ್ದರೆ ಸುಳ್ಳು ಹೇಳಿದ ಹಾಗಲ್ಲವೇ?’ ಎಂದು ಕೇಳಿದಳು. ಅಲ್ಲ ಎಂದು ಒಪ್ಪಿಸಲು ಒಂದು ಸಂಜೆ ಹಿಡಿಯಿತು.

ಅದೇ ಹಬ್ಬದ ಸಂಜೆ ಇಬ್ಬರೂ ಜಗಲಿಯಲ್ಲಿ ಚೌಕಾಬಾರ ಆಡಿದರು. ಕವಡೆ ಹುಡುಗನ ಮಾತು ಕೇಳಿತು, ಅವನು ಇವಳ ಕಾಯಿಗಳನ್ನು ಒಂದೊಂದಾಗಿ ಹೊಡೆದು ಮನೆಗೆ ಕಳುಹಿಸಿದ. ಇವಳು ನೆಲಕ್ಕೆ ಬಿದ್ದು ಅತ್ತಳು. ಬೀದಿಗೆ ಕೇಳುವಂತೆ ಅತ್ತಳು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇಷ್ಟು ಬುದ್ಧಿವಂತೆ, ಆಟದಲ್ಲಿ ಸೋತರೆ ಅಳುತ್ತಾರೆಯೇ?’

ಈ ಮಾತು ಉಳಿದ ಎಲ್ಲ ಮಾತುಗಳಿಗಿಂತ ನನಗೆ ಹೆಚ್ಚು ನೋವು ಕೊಡುತ್ತದೆ. ಹನ್ನೊಂದು ವರ್ಷದವರ ಲೆಕ್ಕ ಮಾಡುವವಳು ಹನ್ನೊಂದು ವರ್ಷದವರಂತೆ ಸೋಲಬೇಕು, ಊಟ ಮಾಡಬೇಕು, ಕತ್ತಲಿಗೆ ಹೆದರದಿರಬೇಕು ಎಂದು ಜನ ಅಂದುಕೊಳ್ಳುತ್ತಾರೆ. ಶಾಲೆಯಲ್ಲೂ ಇದೇ. ಶೂ ಲೇಸ್ ಕಟ್ಟಲು ಬಾರದೆ ನಿಂತಾಗ, ‘ಭಿನ್ನರಾಶಿ ಬರುತ್ತದೆ, ಇದು ಬರುವುದಿಲ್ಲವೇ?’ ಎಂದರಂತೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಟಾ ಹಾಲಿಂಗ್‌ವರ್ತ್ ಕಳೆದ ಶತಮಾನದ ಮೊದಲರ್ಧದಲ್ಲೇ ಇಂಥ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದವರು. ದೊಡ್ಡವರ ಬುದ್ಧಿ, ಮಗುವಿನ ಮನಸ್ಸು ಎರಡೂ ಒಂದೇ ಮೈಯಲ್ಲಿದ್ದರೆ ಏನೆಲ್ಲ ತೊಡಕಾಗುತ್ತದೆ ಎಂದು ಅವರು ಬರೆದಿದ್ದಾರೆ. 1991ರಲ್ಲಿ ಅದೇ ದೇಶದಲ್ಲಿ ಕೊಲಂಬಸ್ ಗುಂಪು ಎನಿಸಿಕೊಂಡ ಕೆಲವು ತಜ್ಞರು, ತಂದೆತಾಯಿಯರು ಸೇರಿ, ಇಂಥ ಮಕ್ಕಳನ್ನು ಗುರುತಿಸಬೇಕಾದದ್ದು ಅಂಕದಿಂದಲ್ಲ, ಈ ಏರುಪೇರಿನ ಬೆಳವಣಿಗೆಯಿಂದ ಎಂದರು. ನಮ್ಮ ಜಗಲಿಯಲ್ಲಿ ಇದನ್ನೆಲ್ಲ ಹೇಳಲು ಬರುತ್ತದೆಯೇ? ‘ಅವಳಿಗೆ ಏಳು ವರ್ಷ’ ಎಂದೆ. ಯಾರು ಏನೆಂದರೂ ಅದನ್ನೇ ಹೇಳಿದೆ. ನನ್ನ ಓರಗಿತ್ತಿ ಬಂದು ಅವಳನ್ನು ಎತ್ತಿಕೊಂಡು ಹೋಗಿ ಮುಖ ತೊಳೆಸಿದಳು. ಹುಡುಗ ಕವಡೆ ಹಿಡಿದುಕೊಂಡು, ‘ನಾಳೆ ಇನ್ನೊಂದಾಟ ಆಡುತ್ತೀಯ?’ ಎಂದು ಕೇಳಿದ. ಅವನೊಬ್ಬನಿಗೇ ಆ ಅಳು ಮಾಮೂಲಾಗಿ ಕಂಡದ್ದು. ದಿನಾ ಯಾರಿಗಾದರೂ ಸೋಲುವವನಲ್ಲವೇ.

ಶಾಲೆಯ ವಿಷಯ ಬಹಳ ಬರೆಯುವುದಿಲ್ಲ. ಮೊದಲ ವರ್ಷ ಕೈ ಎತ್ತಬೇಡ ಎಂದರು, ಬೇಗ ಮುಗಿಸಿದರೆ ಅದೇ ಬಗೆಯ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟರು. ಬೇಗ ಮುಗಿಸಿದರೆ ಶಿಕ್ಷೆ ಎಂದು ಅರ್ಥ ಮಾಡಿಕೊಂಡ ಇವಳು ನಿಧಾನ ಮಾಡಲು ಕಲಿತಳು. ಅದೂ ಒಂದು ಜಾಣತನ. ವಿಶೇಷ ಆಸಕ್ತಿಯಿರುವ ಮಕ್ಕಳಿಗೆ ಶಿಕ್ಷಕರು ಹೆಚ್ಚುವರಿ ಸಾಮಗ್ರಿ ಕೊಟ್ಟು ಪ್ರೋತ್ಸಾಹಿಸಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ಆ ಹಾಳೆಯನ್ನು ಮುದ್ರಿಸಿಕೊಂಡು ಹೋಗಿ ಮೇಡಂ ಮುಂದೆ ಇಡಬಹುದಿತ್ತು. ನಲವತ್ತು ಮಕ್ಕಳನ್ನು ಒಬ್ಬರೇ ಹಿಡಿದು ಕೂರಿಸುವವರ ಮುಂದೆ ನೀತಿಯ ಕಾಗದ ಇಟ್ಟರೆ ಅವರ ಮನಸ್ಸು ನನ್ನ ಮಗಳ ಕಡೆ ತಿರುಗುತ್ತದೆಯೇ? ‘ಅವಳಿಗೆ ತರಗತಿ ಸಪ್ಪೆ’ ಎನ್ನುವ ಮಾತನ್ನೂ ಆಡಲಿಲ್ಲ. ಶಿಕ್ಷಕರಿಗೆ ಅದು ‘ನಿಮ್ಮ ಪಾಠ ಸಪ್ಪೆ’ ಎಂದೇ ಕೇಳಿಸುತ್ತದೆ. ‘ಮುಗಿದ ಮೇಲೆ ಅವಳದೇ ಒಂದು ನೋಟ್‌ಬುಕ್ ತೆಗೆಯಲು ಬಿಡುತ್ತೀರಾ? ನೀವು ತಿದ್ದಬೇಕಾಗಿಲ್ಲ’ ಎಂದು ಕೇಳಿದೆ. ಈ ವರ್ಷದ ಮೇಡಂ ಒಪ್ಪಿದರು. ನೋಟ್‌ಬುಕ್ಕಿನಲ್ಲಿ ಈಗ ಏನೇನೋ ಇವೆ, ಅರ್ಧದಷ್ಟು ಬೆಕ್ಕಿನ ಚಿತ್ರಗಳು.

ಒಂದು ತರಗತಿ ಮುಂದಕ್ಕೆ ಹಾಕಿಸಿ ಎನ್ನುವವರೂ ಇದ್ದಾರೆ. ನಮ್ಮ ತಾತಂದಿರ ಕಾಲದಲ್ಲಿ ಡಬಲ್ ಪ್ರಮೋಷನ್ ಎಂಬುದು ದೊಡ್ಡ ಸುದ್ದಿಯೇ ಆಗಿರಲಿಲ್ಲ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಶುರು ಮಾಡಿದ, ಗಣಿತದಲ್ಲಿ ಮುಂದಿರುವ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೂ ಮುಂದಕ್ಕೆ ಹಾಕಿದ್ದರಿಂದ ಮಕ್ಕಳು ಕೆಟ್ಟರು ಎನ್ನುವುದಿಲ್ಲ, ಬದಲಿಗೆ ಬಹುಪಾಲು ಚೆನ್ನಾಗಿಯೇ ಇದ್ದರು ಎನ್ನುತ್ತದೆ. ಆದರೆ ಮಗಳಿಗೆ ತನ್ನ ಚಿತ್ರಾನ್ನವನ್ನು ಹಂಚಿಕೊಳ್ಳುವ ಗೆಳತಿಯನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಸದ್ಯಕ್ಕೆ ಚಿತ್ರಾನ್ನ ಗೆದ್ದಿದೆ.

ಇಷ್ಟೆಲ್ಲ ನನ್ನ ಪಕ್ಷ. ನನ್ನ ಗಂಡನ ಪಕ್ಷವನ್ನೂ ಹೇಳದಿದ್ದರೆ ತಪ್ಪಾಗುತ್ತದೆ, ಏಕೆಂದರೆ ಈ ವಿಷಯದಲ್ಲಿ ನಮ್ಮಿಬ್ಬರಿಗೆ ಒಮ್ಮತವಿಲ್ಲ.

ಕಳೆದ ವರ್ಷ ಅವಳಿಗೆ ಒಂದು ಗಣಿತ ಸ್ಪರ್ಧೆಯಲ್ಲಿ ಪದಕ ಬಂತು. ಮಾವ ಯಾರಿಗೆ ಹೇಳಿದರೋ, ಮುಂದಿನ ಸಲ ಊರಿಗೆ ಹೋದಾಗ ಬಸ್ ನಿಲ್ದಾಣದಲ್ಲಿ ಫ್ಲೆಕ್ಸ್! ‘ನಮ್ಮೂರಿನ ಹೆಮ್ಮೆಯ ಕುವರಿಗೆ ಹಾರ್ದಿಕ ಅಭಿನಂದನೆಗಳು.’ ಮಂಡ್ಯದ ಫ್ಲೆಕ್ಸ್ ಬಲ್ಲವರಿಗೆ ಅದರ ವಿನ್ಯಾಸ ಹೇಳಬೇಕಾಗಿಲ್ಲ. ಮೇಲೆ ಮುಖಂಡರ ದೊಡ್ಡ ಮುಖಗಳು, ಸುತ್ತ ಕೈಮುಗಿದ, ಮೊಬೈಲ್ ಹಿಡಿದ ಯುವಕರ ಸಾಲು, ನಡುವೆ ಅಂಚೆಚೀಟಿಯಷ್ಟು ನನ್ನ ಮಗಳು. ಅವಳು ಅದರ ಮುಂದೆ ನಿಂತು ಒಟ್ಟು ಎಷ್ಟು ಮುಖಗಳಿವೆ ಎಂದು ಎಣಿಸಿದಳು. ‘ಇವರಿಗೆಲ್ಲ ಏತಕ್ಕೆ ಪದಕ ಬಂತು?’ ಎಂದು ಕೇಳಿದಳು.

ನನಗೆ ಅದನ್ನು ಆ ಕ್ಷಣವೇ ಇಳಿಸಬೇಕೆನಿಸಿತು. ಗಂಡ ಬೇಡವೆಂದರು. ಅವರು ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್. ಅವರ ಮನೆಯಲ್ಲಿ ಹತ್ತನೇ ತರಗತಿ ದಾಟಿದ ಮೊದಲ ಹುಡುಗ. ‘ಕಬಡ್ಡಿ ಕಪ್ ಗೆದ್ದರೆ ಫ್ಲೆಕ್ಸ್ ಹಾಕುತ್ತಾರೆ, ಹಸು ಜಾಸ್ತಿ ಹಾಲು ಕೊಟ್ಟರೆ ಹಾಕುತ್ತಾರೆ, ನಾಯಕರ ಹುಟ್ಟುಹಬ್ಬಕ್ಕಂತೂ ಹೇಳುವುದೇ ಬೇಡ. ಲೆಕ್ಕ ಮಾಡಿದ್ದಕ್ಕೆ, ಅದೂ ಒಂದು ಹೆಣ್ಣು ಮಗುವಿಗೆ, ಈ ಊರಿನಲ್ಲಿ ಇದೇ ಮೊದಲು. ಅದನ್ನು ಕಿತ್ತರೆ ಊರಿಗೆ ನಾವು ಏನು ಹೇಳಿದ ಹಾಗಾಯಿತು? ಬುದ್ಧಿ ಎನ್ನುವುದು ಮುಚ್ಚಿಡುವ ವಸ್ತು ಎಂದೇ?’ ಅವರು ಹೀಗೆ ಒಟ್ಟಿಗೆ ಇಷ್ಟು ಮಾತಾಡುವುದು ಅಪರೂಪ. ನಾನು ಪ್ರದರ್ಶನ ಎನ್ನುವುದನ್ನು ಅವರು ಮರ್ಯಾದೆ ಎನ್ನುತ್ತಾರೆ, ಮತ್ತು ಆ ಊರಿನಲ್ಲಿ ಬೆಳೆದವರು ಅವರು. ಅದರ ಮುಂದಿನ ವಾರ ಆ ಬೀದಿಯ ಇನ್ನೊಬ್ಬ ಹುಡುಗಿ, ಐದನೇ ತರಗತಿಯವಳು, ಸ್ಪರ್ಧೆಗೆ ಹೆಸರು ಕೊಡುವುದು ಹೇಗೆ ಎಂದು ನಮ್ಮ ಮಾವನನ್ನು ಕೇಳಿಕೊಂಡು ಬಂದಳಂತೆ. ಇದನ್ನು ಹೇಳುವಾಗ ಗಂಡ ನನ್ನ ಮುಖವನ್ನೇ ನೋಡುತ್ತಿದ್ದರು.

ಫ್ಲೆಕ್ಸ್ ಇಳಿಸಲಿಲ್ಲ. ಮುಂದಿನ ಹಬ್ಬದ ಹೊತ್ತಿಗೆ ಅದರ ಮೇಲೆ ಇನ್ನೊಂದು ಬಂದಿತ್ತು.

ಈಗ ಟಿವಿಯ ಮಕ್ಕಳ ಕಾರ್ಯಕ್ರಮವೊಂದಕ್ಕೆ ಅರ್ಜಿ ಹಾಕಬೇಕೆಂದು ಗಂಡ ಹೇಳುತ್ತಿದ್ದಾರೆ. ನಾನು ಬೇಡ ಎನ್ನುತ್ತಿದ್ದೇನೆ. ಮಗಳನ್ನು ಕೇಳೋಣ ಎಂದಾಯಿತು, ಕೇಳಿದೆವು. ಅಲ್ಲಿ ಪ್ರಶ್ನೆ ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆಯೇ ಎಂದು ವಿಚಾರಿಸಿದಳು. ಗೊತ್ತಿರುತ್ತದೆ ಎಂದೆವು. ‘ಹಾಗಾದರೆ ನನ್ನನ್ನು ಏಕೆ ಕೇಳುತ್ತಾರೆ?’ ಎಂದಳು. ಗಂಡ ಇದನ್ನು ಇಲ್ಲ ಎಂದು ಒಪ್ಪಲು ತಯಾರಿಲ್ಲ. ಅರ್ಜಿಗೆ ಇನ್ನೂ ಮೂರು ವಾರ ಸಮಯವಿದೆಯಂತೆ.